ನಾದ್ನಿ ಎಡಭುಜ, ಎದುರಂಗಡಿ ಕತ್ರಿ

ಬಸ್ ಸ್ಟ್ಯಾಂಡಿಂದ ಪಾಂಡವಪುರದ ಪೇಟೆ ಒಳಕ್ಕೆ ಬರೋ ರಸ್ತೇಲಿ ಎಡಗಡೆ ನನ್ನ ಟೈಲರ್ ಅಂಗಡಿ, ಬಲಗಡೆ ಇನ್ನೊಬ್ಬ ಟೈಲರ್‌ದು. ಎದುರುಬದುರು. ನಮ್ಮ ನಾದ್ನಿ, ಅಂದ್ರೆ ನಮ್ಮನೆಯವಳ ತಂಗಿ, ನಾಗಮಂಗಲದ ಬಸ್ಸಿಳಿದು ಬತ್ತಾ ಇದ್ದದ್ದು ನಂಗೆ ದೂರದಿಂದ್ಲೇ ಕಾಣ್ತು. ಕೈಯಲ್ಲಿ ಬ್ಯಾಗು. ಬ್ಯಾಗಿನ ಬಾಯಲ್ಲಿ ಹೊಸ ಬಟ್ಟೆ ಅಂಚು ಇಣುಕ್ತಿತ್ತು. ನಾನು ಹೊಲೀತಿದ್ದ ಕಾಜ ಕೆಳಗಿಟ್ಟೆ, ಸ್ಟೂಲ್ ಮೇಲಿನ ಚಿಂದಿ ಕೊಡವಿದೆ, ಟೀ ಅಂಗಡಿ ಕಡೆ ತಿರುಗಿ ಎಲ್ಡು ಬೆರಳು ತೋರಿಸ್ದೆ. ಅವಳು ನನ್ನ ನೋಡಿ ನಕ್ಕು, ಆಮೇಲೆ ಬತ್ತೀನಿ ಅಂತ ಕೈಸನ್ನೆ ಮಾಡಿ, ರಸ್ತೆ ದಾಟಿ ಎದುರಂಗಡಿ ಗಾಜಿನ ಬಾಗ್ಲು ತಳ್ಕಂಡು ಒಳಕ್ಕೋದ್ಲು.

ಎಲ್ಡು ಟೀನೂ ನಾನೇ ಕುಡ್ದೆ.

ಇದು ತೊಂಬತ್ತೈದು ತೊಂಬತ್ತಾರರ ಆಸುಪಾಸಿನ ಮಾತು. ನಾನು ಗಂಡಸ್ರ ಬಟ್ಟೆ ಹೊಲಿಯೋನು. ಪ್ಯಾಂಟು ಶರಟು ಯಾರು ಬೇಕಾದ್ರೂ ಹೊಲೀತಾರೆ ಬುಡಿ, ನಂದು ಕೋಟು. ಶ್ರೀರಂಗಪಟ್ಣದ ಕೋರ್ಟಿನ ವಕೀಲ್ರು ನನ್ನ ಹತ್ರ ಬರೋರು. ಕೆ.ಆರ್.ಪೇಟೆ ಕಡೆ ಮದ್ವೆ ಗಂಡು ಚಪ್ಪರದಲ್ಲಿ ನಿಂತ್ರೆ, ಆ ಕೋಟು ಯಾರದ್ದು ಅಂತ ಹತ್ರ ಓಗದೇನೇ ಹೇಳ್ತಿದ್ರು. ಬೆಳಗೊಳದಲ್ಲೊಬ್ರಿಗೆ ಹೊಟ್ಟೆ ಈ ಗಾತ್ರ ಇತ್ತು, ನನ್ನ ಕೋಟು ಆಕ್ಕಂಡು ಮಗನ ಮದ್ವೇಲಿ ನಿಂತಾಗ ಬೀಗ್ರು ಗುರುತೇ ಇಡೀಲಿಲ್ಲ. ಅಂಥಾ ಕೈ ಇದು.

ಎದುರಂಗಡಿಯವನು ಬಂದು ಆಗ ಇನ್ನೂ ಹೆಚ್ಚು ದಿನ ಆಗಿರ್ಲಿಲ್ಲ. ನನಗಿಂತ ಬೋ ಚಿಕ್ಕೋನು. ಮೈಸೂರಲ್ಲಿ ಯಾರದೋ ಕೈಕೆಳಗೆ ಕಲ್ತು ಬಂದು ಲೇಡೀಸ್ ಟೈಲರ್ ಅಂತ ಬೋರ್ಡು ಬರೆಸ್ದ. ಗಾಜಿನ ಬಾಗ್ಲು, ಅಗಲೊತ್ತಲ್ಲೂ ಉರಿಯೋ ಟ್ಯೂಬ್ ಲೈಟು, ಬಾಗ್ಲ ಪಕ್ಕ ಸೀರೆ ಉಟ್ಕಂಡು ನಿಂತ ಒಂದು ಗೊಂಬೆ. ನಮ್ಮೂರ ಹೆಣ್ಮಕ್ಳು ಆ ಗೊಂಬೆ ನೋಡ್ಕಂಡೇ ಒಳಕ್ಕೋಗೋರು. ಒಂದಿನ ಅವನು ಊಟಕ್ಕೋಗಿದ್ದಾಗ ನಾನು ಆ ಗೊಂಬೆ ತಲೆಗೆ ನನ್ನ ಟವೆಲ್ಲು ಸುತ್ತಿ, ಬೆರಳ ಸಂದೀಲಿ ಒಂದು ಬೀಡಿ ಸಿಕ್ಕಿಸಿ, ಕೊರಳಿಗೆ ಟೇಪು ಆಕಿ ಬಂದೆ. ಬಸ್ಸಲ್ಲಿ ಕೂತಿದ್ದೋರೆಲ್ಲ ಕಿಟಕಿಗೆ ಬಂದು ನಕ್ರು. ಅವನು ವಾಪಸ್ ಬಂದು ನೋಡಿ ಬೈತಾನೆ, ಜಗಳ ಆಡೋಣ ಅಂತ ನಾನು ತೋಳು ಮಡಚ್ಕಂಡು ಕೂತಿದ್ರೆ, ಅವನೂ ನಕ್ಕು ಟವೆಲ್ ಮಡಚಿ ತಂದುಕೊಟ್ಟ. "ಅಣ್ಣ, ಬೀಡಿ ನಾನಿಟ್ಕತೀನಿ" ಅಂದ. ಅಂಥವನ ಮೇಲೆ ಹೊಟ್ಟೆಕಿಚ್ಚು ಪಡೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಆದ್ರೂ ನಾನು ಕಷ್ಟಪಟ್ಟು ಪಡ್ತಿದ್ದೆ.

ಮಧ್ಯಾಹ್ನ ಮನೇಲಿ ಊಟಕ್ಕೆ ಕೂತಾಗ ನಾದ್ನೀನೂ ಇದ್ಲು. ಮುದ್ದೆ ಮುರೀತಾ ಕೇಳ್ದೆ.

"ಯಾಕವ್ವ, ಭಾವನ ಅಂಗಡಿ ಕಾಣ್ಲಿಲ್ವ?"

"ಕಾಣ್ತು ಭಾವ. ನೀವು ಕಾಜ ಹೊಲೀತಾ ಇದ್ರಿ."

"ಕಾಜ ಹೊಲಿಯೋ ಕೈಗೆ ರವ್ಕೆ ಹೊಲಿಯಾಕೆ ಬರಾಕಿಲ್ವ?"

ನಮ್ಮನೆಯವಳು ಒಲೆ ಹತ್ರದಿಂದ್ಲೇ ಅಂದ್ಲು: "ಮದ್ವೆಯಾದ ಹೊಸದ್ರಲ್ಲಿ ನಂಗೊಂದು ಹೊಲ್ದುಕೊಟ್ಟಿದ್ರಲ್ಲ. ಕೈ ಎತ್ತಿ ತೋರಣ ಕಟ್ಟಾಕೋದೆ, ಪರ್ರಂತ ಎಲ್ಡೂ ಕಂಕುಳೂ ಬಾಯಿ ಬುಟ್ವು. ನಮ್ಮತ್ತೆ ಇವತ್ತಿಗೂ ನೆನೆಸ್ಕಂಡು ನಗ್ತಾರೆ."

"ನೀನು ಎತ್ತಿದ ರಭಸಕ್ಕೆ ಕಣೆ. ಕಬ್ಬಿಣದ್ದಾಗಿದ್ರೂ ಹರೀತಿತ್ತು."

ಅಕ್ಕ ತಂಗಿ ಇಬ್ರೂ ನಕ್ರು. ಆಮೇಲೆ ನಾದ್ನಿ ವಿಷಯಕ್ಕೆ ಬಂದ್ಲು. ಅವಳು ಹೊಣಕೆರೆ ಕಡೆ ಒಂದು ಹಳ್ಳಿ ಸ್ಕೂಲಲ್ಲಿ ಟೀಚರ್ರು. ಮಕ್ಳು ಮರಿ, ಗಂಡನ ಹಸು ಎಮ್ಮೆ, ಸ್ಕೂಲು, ಇದೆಲ್ಲದರ ನಡುವೆ ಮನೇಲೇ ಕೂತು ಓದಿ, ಪೋಸ್ಟಲ್ಲಿ ಪಾಠ ತರಿಸ್ಕಂಡು ಬಿ.ಎ. ಪಾಸು ಮಾಡಿದ್ಲು. ಈಗ ಮೈಸೂರಲ್ಲಿ ಪದವಿ ಪ್ರದಾನ. ಸ್ಟೇಜ್ ಮೇಲೆ ಕರ್ದು ಕೊಡ್ತಾರಂತೆ. ಬರಕ್ಕಾಗದೋರಿಗೆ ಅಂಚೇಲಿ ಕಳಿಸ್ತಾರಂತೆ. ಹೆಂಗಸ್ರು ಬಿಳಿ ಇಲ್ಲಾ ಕೆನೆ ಬಣ್ಣದ ಸೀರೆ ಉಟ್ಕಂಡು ಬರ್ಬೇಕು, ಮೇಲೆ ಆಕ್ಕಳಾಕೆ ಕಪ್ಪು ಗೌನು ಅವರೇ ಕೊಡ್ತಾರೆ.

"ಓಗ್ಬೇಕು ಅಂತ ಆಸೆ ಅದೆ ಭಾವ. ಆದ್ರೆ ಸ್ಟೇಜ್ ಮೇಲೆ ಒಬ್ಳೇ ಓಗ್ಬೇಕು. ಮುಂದೆ ಯಾರೂ ಇರಾಕಿಲ್ಲ" ಅಂದ್ಲು.

ಅವಳ ಮಾತಿನ ಅರ್ಥ ನಮ್ಮ ಮನೇಲಿ ಎಲ್ರಿಗೂ ಗೊತ್ತು. ಅವಳ ಎಡಭುಜ ಇಳಿಭುಜ. ಚಿಕ್ಕವಳಿದ್ದಾಗ ಕೆ.ಆರ್.ಪೇಟೆ ಹತ್ರ ತವರೂರಲ್ಲಿ ಹುಲ್ಲು ತುಂಬಿದ ಗಾಡಿ ಮೇಲಿಂದ ಬಿದ್ದು ಎಡ ಹೆಗಲ ಮೂಳೆ ಮುರ್ಕಂಡಿದ್ಲು. ನಾಟಿ ವೈದ್ಯ ಕಟ್ಟಿದ ಕಟ್ಟು ಮೂಳೆ ಕೂಡಿಸ್ತು, ಆದ್ರೆ ತಗ್ಗಲ್ಲಿ ಕೂಡಿಸ್ತು. ಕೆಲಸಕ್ಕೇನೂ ತೊಂದ್ರೆ ಇಲ್ಲ, ಬಿಂದಿಗೆ ಹೊರ್ತಾಳೆ, ಹುಲ್ಲು ಹೊರ್ತಾಳೆ. ಫೋಟೋ ಅಂದ್ರೆ ಮಾತ್ರ ಹಿಂದ್ಲ ಸಾಲು, ಕೊನೇ ಜಾಗ, ಎಡಗಡೆ ಯಾರಾದ್ರೂ ದಪ್ಪನೋರು. ನಮ್ಮ ಮದ್ವೆ ಫೋಟೋದಲ್ಲಿ ಅವಳ ಅರ್ಧ ಮುಖ ಮಾತ್ರ ಅದೆ, ಇನ್ನರ್ಧ ನಮ್ಮ ದೊಡ್ಡಮಾವನ ಹಿಂದೆ.

"ಬಟ್ಟೆ ನೆಟ್ಟಗೆ ಕೂತ್ರೆ ಓಯ್ತೀನಿ. ಇಲ್ದಿದ್ರೆ ಅಂಚೇಲಿ ತರಿಸ್ಕತೀನಿ" ಅಂತ ಎದ್ದು ಕೈ ತೊಳ್ದು ಬಂದ್ಲು. ಬ್ಯಾಗಿಂದ ಸೀರೆ ತೆಗೆದ್ಲು. ಕೆನೆ ಬಣ್ಣದ ಮೈಸೂರು ರೇಷ್ಮೆ. ಕೈಗೆ ತಗಂಡ್ರೆ ನೀರಿನಂಗೆ ಜಾರ್ತಿತ್ತು. ಸೆರಗು ಬರೋದೇ ಎಡಭುಜದ ಮೇಲೆ. ಇಳಿಭುಜದ ಮೇಲೆ ಜಾರೋ ಸೀರೆ, ಅದರ ಮೇಲೆ ಜಾರೋ ಗೌನು. ಇದು ಬ್ಯಾಡ ಕಣವ್ವ, ಹತ್ತಿ ಸೀರೆ ಹಿಡಿತ ಕೊಡ್ತದೆ, ಅಂತ ನಾನು ಬಾಯಿ ತೆಗೆಯೋದ್ರಲ್ಲಿ ಅವಳೇ ಅಂದ್ಲು:

"ಇದು ಜಾರ್ತದೆ, ಮೇಲುಕೋಟೆ ಕಡೆ ಕೈಮಗ್ಗದ ಹತ್ತಿ ಸೀರೆ ತಗಳಿ, ಭುಜ ಕಚ್ಕಂಡು ಕೂತ್ಕತದೆ ಅಂದ್ರು ಆ ಎದುರಂಗಡಿಯೋರು. ಎಷ್ಟು ತಿಳ್ಕಂಡವ್ರೆ ಅಲ್ವಾ ಭಾವ?"

"ತಿಳ್ಕಂಡವ್ನೆ" ಅಂದೆ. ನನ್ನ ಬಾಯಲ್ಲಿದ್ದ ಮಾತು ನನಗಿಂತ ಮುಂಚೆ ಆಡಿದ್ದಕ್ಕೆ ಅವನ ಲೆಕ್ಕದಲ್ಲಿ ಇನ್ನೊಂದು ಹೊಟ್ಟೆಉರಿ ಬರ್ಕಂಡೆ. ನಮ್ಮನೆಯವಳು ಮಾತ್ರ, ಅಂಥಾ ಸಭೆಗೆ ಹತ್ತಿ ಉಟ್ಕಂಡೋಗೋರುಂಟಾ ಅಂತ ಸಾಯಂಕಾಲದವರ್ಗೂ ಗೊಣಗ್ತಿದ್ಲು.

ಮುಂದಿನ ಭಾನುವಾರ ನಾದ್ನಿ ಸಣ್ಣ ಹಸ್ರು ಅಂಚಿನ ಕೆನೆ ಬಣ್ಣದ ಹತ್ತಿ ಸೀರೆ ತಂದ್ಲು. ಜತೆಗಿದ್ದ ರವ್ಕೆ ಬಟ್ಟೇನ ಅಳತೆ ರವ್ಕೆ ಸಮೇತ ಎದುರಂಗಡಿಗೆ ಕೊಟ್ಟು ಹೊಂಟ್ಲು. ನಮ್ಮ ಕಡೆ ಹೆಂಗಸ್ರು ಟೈಲರ್ರಿಗೆ ಮೈ ಅಳತೆ ಕೊಡೋರಲ್ಲ. ಚೆನ್ನಾಗಿ ಕೂತಿರೋ ಹಳೇ ರವ್ಕೆ ಒಂದನ್ನ ಕೊಟ್ಟು, ಇದ್ರಂಗೇ ಇರ್ಲಿ ಅಂತಾರೆ. ಟೈಲರ್ರು ಅದನ್ನ ಹಾಸಿ, ಟೇಪಿಟ್ಟು, ಅದ್ರಂಗೇ ಹೊಲೀತಾನೆ. ಆ ಹಳೇ ರವ್ಕೆ ಯಾವುದ್ರಂಗೆ ಹೊಲ್ದಿದ್ದು? ಅದಕ್ಕಿಂತ ಹಳೇದ್ರಂಗೆ.

ಅವನು ಹೊಲ್ದು ಕೊಟ್ಟ. ನಾನು ಕದ್ದು ನೋಡ್ದೆ. ಹೊಲಿಗೆ ಸಾಲು ಎಳೆದ ಗೆರೆ ಇದ್ದಂಗಿತ್ತು, ಒಳಗಡೆ ಅಂಚು ಕೂಡ ಮಡಚಿ ಹೊಲ್ದಿದ್ದ, ಹುಕ್ಕಿನ ಪಟ್ಟಿ ಒಂದು ಕಡೇನೂ ಎಳೀತಿರ್ಲಿಲ್ಲ. ತಪ್ಪು ಹುಡುಕಾಕೆ ಕನ್ನಡಕ ಆಕ್ಕಂಡೆ, ತೆಗ್ದೆ, ಮತ್ತೆ ಆಕ್ಕಂಡೆ. ಸಿಗ್ಲಿಲ್ಲ.

ಗೌನು ಆಕ್ಕಂಡು ನೋಡಿದ್ರೆ ಗೊತ್ತಾಯ್ತದೆ ಅಂತ ಒಂದು ಉಪಾಯ ಮಾಡ್ದೆ. ಶ್ರೀರಂಗಪಟ್ಣದ ವಕೀಲ್ರೊಬ್ರು ಕೋಟು ಗೌನು ಎಲ್ಡನ್ನೂ ರಿಪೇರಿಗೆ ಕೊಟ್ಟಿದ್ರು. ಅದನ್ನೇ ಮನೆಗೆ ತಂದೆ. ವಕೀಲ್ರ ಗೌನು ಬೇರೆ, ಪದವಿ ಗೌನು ಬೇರೆ, ಆದ್ರೆ ಜಾರೋದ್ರಲ್ಲಿ ಎಲ್ಡೂ ಒಂದೇ ಜಾತಿ.

ನಾದ್ನಿ ಸೀರೆ ಉಟ್ಟು, ರವ್ಕೆ ತೊಟ್ಟು, ಗೌನು ಆಕ್ಕಂಡು ರೂಮಿಂದ ಈಚೆಗೆ ಬಂದ್ಲು. ಬಾಗ್ಲು ದಾಟೋದ್ರಲ್ಲಿ ಎಡಗಡೆ ಗೌನು ಮೊಣಕೈಗೆ ಬಂತು. ಎತ್ತಿ ಆಕ್ಕಂಡ್ಲು. ಹಜಾರದ ನಡುಗಂಟ ಬಂದ್ಲು, ಮತ್ತೆ ಇಳೀತು, ಈ ಸಲ ರವ್ಕೇನೂ ಎಳ್ಕಂಡು ಭುಜದಿಂದ ಈಚೆಗೆ ತಂತು. ನಮ್ಮನೆಯವಳು ಸೇಫ್ಟಿ ಪಿನ್ನು ಆಕಿದ್ಲು. ರವ್ಕೆಯ ಒಂಟಿ ಪದರದ ಬಟ್ಟೆ ಗೌನಿನ ಭಾರ ತಡೀದೆ ಪಿನ್ನಿನ ಹತ್ರ ತೂತು ಬಿಡಾಕೆ ಶುರುವಾಯ್ತು.

ನಿಜ ಹೇಳ್ತೀನಿ, ಮೊದ್ಲು ನಂಗೆ ಒಳಗೊಳಗೇ ಹಬ್ಬ ಆಯ್ತು. ಮೈಸೂರಲ್ಲಿ ಕಲ್ತ ಕೈ ಸೋತೋಯ್ತಲ್ಲ ಅಂತ.

"ಕಾಗ್ದ ಬರ್ದಾಕ್ಬುಡ್ತೀನಿ ಕಣಕ್ಕ" ಅಂದ್ಲು ನಾದ್ನಿ, ಬೀರು ಕನ್ನಡಿ ಕಡೆ ತಿರುಗದೇನೇ. "ಅಂಚೇಲೇ ಬರ್ಲಿ. ಅದ್ರಲ್ಲೂ ಅದೇ ಸೈನು, ಅದೇ ಸೀಲು ಇರ್ತದೆ."

ಅಳ್ಲಿಲ್ಲ. ಗೌನು ಮಡಚಾಕೆ ಕೂತ್ಲು. ಅದಕ್ಕೇ ನಂಗೆ ಹಬ್ಬ ಮಾಡಾಕಾಗ್ಲಿಲ್ಲ.

ರವ್ಕೆ ಇಸ್ಕಂಡು ಕಿಟಕಿ ಬೆಳಕಿಗೆ ಹಿಡ್ದೆ. ಅಳತೆ ರವ್ಕೇನ ಪಕ್ಕದಲ್ಲಿಟ್ಟೆ. ಎಲ್ಡೂ ತದ್ರೂಪು. ಬಲಭುಜ ಎಂಗೋ ಎಡಭುಜ ಅಂಗೇ. ಆಗ ಹೊಳೀತು. ರವ್ಕೆ ಬಟ್ಟೇನ ಎಲ್ಲಾ ಟೈಲರ್ರೂ ಎಲ್ಡು ಮಡಿಕೆ ಮಾಡಿ ಒಂದೇ ಸಲ ಕತ್ತರಿಸ್ತಾರೆ, ಎಡಾನೂ ಬಲಾನೂ ಒಂದೇ ಅಚ್ಚು. ಮೂಳೆ ಮುರ್ದಾಗಿಂದ ಇಲ್ಲಿಗಂಟ ಇವಳು ತೊಟ್ಟ ರವ್ಕೆಗಳೆಲ್ಲ ಅಂಗೇ ಕತ್ತರ್ಸಿದ್ದು. ರವ್ಕೆ ನೋಡಿ ರವ್ಕೆ ಹೊಲ್ದವ್ರೆ, ಇವಳ ಭುಜ ನೋಡಿ ಒಬ್ಬನೂ ಹೊಲ್ದಿಲ್ಲ. ಕೋಟಿನವರಾದ ನಾವು ಅಂಗಲ್ಲ. ಮನುಷ್ಯನ್ನ ಮುಂದೆ ನಿಲ್ಲಿಸ್ಕಂಡು, ಬೆನ್ನು ತಿರುಗ್ಸಿ, ಯಾವ ಭುಜ ತಗ್ಗು ಯಾವುದು ದಿಣ್ಣೆ ಅಂತ ನೋಡ್ದೆ ಕತ್ರಿ ಇಡಲ್ಲ.

ಆದ್ರೆ ನಾದ್ನೀನ ನಿಲ್ಲಿಸ್ಕಂಡು ಟೇಪು ಹಿಡಿಯಾಕಾಯ್ತದಾ? ಭಾವ ನಾದ್ನಿ ನಡುವೆ ಬಾಯಿ ಎಷ್ಟು ಉದ್ದ ಬೇಕಾದ್ರೂ ಓಗ್ಬೋದು, ಕೈ ಓಗಂಗಿಲ್ಲ. ಅಳತೆ ಕೊಡವ್ವ ಅಂದ್ರೆ ಅವತ್ತೇ ಬಸ್ ಹತ್ತಿರೋಳು. ಅದಕ್ಕೆ ಆ ವಕೀಲ್ರ ಕೋಟು ತಗಂಡೆ.

"ಗೌನು ಸಾಕು ಮಾಡು. ಈ ಕೋಟು ಆಕ್ಕಂಡು ತೋರ್ಸು, ಬಿ.ಎ. ಮಾಡಿದೋಳು ಜಡ್ಜಮ್ಮ ಆದ್ರೆ ಎಂಗಿರ್ತೀಯ ನೋಡೋಣ."

"ಓಗಿ ಭಾವ, ನಿಮ್ದೊಂದು."

"ಆಕ್ಕಳೇ" ಅಂದ್ಲು ನಮ್ಮನೆಯವಳು. ನನ್ನ ಕಣ್ಣು ನೋಡೇ ಏನೋ ಐತೆ ಅಂತ ಅವಳಿಗೆ ಗೊತ್ತಾಗಿತ್ತು.

ನಾದ್ನಿ ಸೀರೆ ಮೇಲೇ ಕೋಟು ತೊಟ್ಲು. ನಾನು ಬಾಗ್ಲ ಹತ್ರ ಕೋರ್ಟಿನ ಜವಾನನಂಗೆ ನಿಂತು ನಮ್ಮನೆಯವಳ ಹೆಸ್ರು ಮೂರು ಸಲ ಕೂಗ್ದೆ. "ಗಂಡನಿಗೆ ಬರೀ ಸೊಪ್ಪಿನ ಸಾರು ಇಕ್ಕಿದ ಆಪಾದನೆ, ಮಹಾಸ್ವಾಮಿ" ಅಂದೆ. ನಾದ್ನಿ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿ ಮಾಡ್ಕಂಡು, "ಸೊಪ್ಪು ತಿಂದೇ ಈ ಪಾಟಿ ಬಾಯಿ, ಕೋಳಿ ಇಕ್ಕಿದ್ರೆ ಏನು ಗತಿ. ಕೇಸು ವಜಾ" ಅಂದ್ಲು. ನಗ್ತಾ ನಿಂತ್ಲು. ನಗೋವಾಗ ಮನುಷ್ಯ ಭುಜ ಬಚ್ಚಿಡಾಕೆ ನೋಡಲ್ಲ, ಇರೋಂಗೇ ಬುಡ್ತಾನೆ. ನಾನು ಸುತ್ತ ಒಂದು ಸುತ್ತು ಬಂದೆ. ಕಾಲರ್ ಹಿಂದೆ ಎಲ್ಲಿ ಬಾಯಿ ಬುಟ್ಟದೆ, ಎಡಗಡೆ ನಿರಿಗೆ ಯಾವ ಕಡೆಯಿಂದ ಯಾವ ಕಡೆಗೆ ಇಳ್ದದೆ, ಕಣ್ಣಲ್ಲೇ ಗುರುತು ಮಾಡ್ಕಂಡೆ. ನಮ್ಮನೆಯವಳ ಕೈಗೆ ಗುಂಡುಪಿನ್ನು ಕೊಟ್ಟು, "ಕೋಟು ಎಲ್ಲಿ ಮುದುರ್ಕಂಡದೆ ಅಲ್ಲೆಲ್ಲ ಇಡ್ದು ಚುಚ್ಚು" ಅಂದೆ. ಅವಳು ಚುಚ್ಚಿದ್ಲು. ಕೋಟು ತೆಗೆದು ಮೇಜಿನ ಮೇಲೆ ಹಾಸಿ ಅಳೆದ್ರೆ ಎಡಭುಜ ಒಂದು ಬೆರಳು ದಪ್ಪಕ್ಕಿಂತ ಒಂದು ಚೂರು ಜಾಸ್ತೀನೇ ತಗ್ಗು.

"ಇದೇನು ಭಾವ, ತಮಾಷೆ ಅಂತ ಅಳತೆ ತಗಂಬುಟ್ರ?"

"ನಾನು ವಕೀಲ್ರ ಕೋಟಿನ ಅಳತೆ ತಗಂಡೆ. ನೀನು ಅದ್ರ ಒಳಗಿದ್ರೆ ನಾನೇನು ಮಾಡ್ಲಿ."

ಆ ವಾರ ನಾನೇ ಒಂದು ರವ್ಕೆ ಹೊಲ್ದೆ. ಬೇರೆ ಕೆನೆ ಬಟ್ಟೆ ತಂದು, ಕೋಟಿಗೆ ಆಕ್ತೀವಲ್ಲ ಅಂಥಾ ಕ್ಯಾನ್ವಾಸು, ಹತ್ತಿ ಎಲ್ಲಾ ಸೇರ್ಸಿ ಪ್ಯಾಡು ಕಟ್ಟಿ, ಎಡಭುಜದ ತಗ್ಗನ್ನ ಪೂರ್ತಿ ತುಂಬ್ದೆ. ಎದುರಂಗಡಿಯವನು ಇದನ್ನ ನೋಡಿ ಬಾಗ್ಲು ಮುಚ್ಕಂಡು ಮೈಸೂರಿಗೆ ವಾಪಸ್ ಓಯ್ತಾನೆ ಅಂದ್ಕಂಡೇ ಇಸ್ತ್ರಿ ಮಾಡ್ದೆ.

ನಾದ್ನಿ ಮುಂದಿನ ರಜೇಲಿ ಬಂದು ತೊಟ್ಕಂಡ್ಲು. ಗೌನು ಜಾರ್ಲಿಲ್ಲ. ಜಾರೋದೆಂಗೆ, ಹೊಲದ ಬದು ಕಟ್ಟಿದಂಗೆ ಕಟ್ಟಿದ್ದೆ. ಆದ್ರೆ ಗೌನು ತೆಗೆದ್ರೆ ಹತ್ತಿ ಸೀರೆ ಸೆರಗಿನ ಕೆಳಗೆ ಪ್ಯಾಡಿನ ಅಂಚು ಎದ್ದು ಕಾಣ್ತಿತ್ತು. ಕೈ ಮುಂದಕ್ಕೆ ಚಾಚಿದ್ರೆ ಪ್ಯಾಡು ಅಲ್ಲೇ ನಿಂತು, ಕೈ ಮಾತ್ರ ಈಚೆಗೆ ಬರೋದು.

ನಮ್ಮನೆಯವಳು ಸುತ್ತ ನೋಡಿ, "ಗರಡಿ ಮನೆಗೆ ಕಳಿಸ್ತಾ ಇದ್ದೀರಾ?" ಅಂದ್ಲು.

ನಾದ್ನಿ ನಗ್ಲಿಲ್ಲ. ಒಂದ್ಸಲ ಕೈ ಚಾಚಿ, ಮಡಚಿ ನೋಡಿದ್ಲು. "ನೆಟ್ಟಗೇನೋ ಅದೆ ಭಾವ. ಆದ್ರೆ ಈ ಭುಜ ನಂದಲ್ಲ ಅನ್ನಿಸ್ತದೆ. ಯಾರೋ ಹಿಂದಿಂದ ಇಡ್ಕಂಡಂಗೆ. ಬುಡಿ, ನೀವೂ ಸಾಕಷ್ಟು ಕಷ್ಟಪಟ್ರಿ. ನಾಳೆ ಸ್ಕೂಲಲ್ಲೇ ಕೂತು ಕಾಗ್ದ ಬರ್ದಾಕ್ತೀನಿ."

ಅವಳು ಬಸ್ಸಿಗೆ ಹೊರಡೋಕೆ ಇನ್ನೂ ಟೈಮಿತ್ತು. ನಾನು ಆ ಎಲ್ಡೂ ರವ್ಕೆ, ಪಿನ್ನು ಚುಚ್ಚಿದ ಕೋಟು ಎಲ್ಲಾ ಸುತ್ಕಂಡು ಎದ್ದೆ. ಎತ್ಲಾಗೆ ಅಂದ್ಲು ನಮ್ಮನೆಯವಳು. ಚಪ್ಪಲಿ ಮೆಟ್ಕಂಡೆ. ಈ ಸುತ್ತಲ ತಾಲೂಕಲ್ಲೆಲ್ಲ ಕೋಟಿಗೆ ಹೆಸರಾದವನ ಮನೇಲಿ ಹೊಲಿಗೆ ಸೋತು ಅಂಚೆ ಗೆಲ್ಲೋದಾದ್ರೆ ನಾನು ಅಂಗಡಿ ಇಟ್ಕಂಡು ಏನು ಮಾಡೋದು. ಅವನ ಗಾಜಿನ ಬಾಗ್ಲು ತಳ್ಳೋವಾಗ ಕೈ ಬಿಸಿ ಕಾವಲಿ ಮುಟ್ಟಿದಂಗಾಯ್ತು. ತಳ್ದೆ.

ಅವನು ಎದ್ದು ನಿಂತ. "ಬಾರಣ್ಣ. ಗೊಂಬೆಗೆ ಇನ್ನೇನಾದ್ರೂ ಉಡಿಸಾಕೆ ಬಂದ್ಯಾ?"

"ಗೊಂಬೆಗಲ್ಲ ಕಣ್ಲಾ. ನೀನು ಭುಜ ಇಲ್ದ ರವ್ಕೆ ಹೊಲ್ದಿದ್ದೀಯ, ಭುಜ ತಂದಿದ್ದೀನಿ."

ಕೋಟು ಹಾಸಿ ಪಿನ್ನು ತೋರಿಸ್ದೆ. ಮಡಿಕೆ ಮಾಡಿ ಕತ್ತರಿಸೋ ವಿಚಾರ ಹೇಳ್ದೆ. ವಾದ ಮಾಡ್ತಾನೆ ಅಂತ ಕಾದೆ. ಅವನು ತನ್ನ ರವ್ಕೇನ ಕೋಟಿನ ಪಕ್ಕ ಇಟ್ಟು ಭುಜಕ್ಕೆ ಭುಜ ತಾಳೆ ನೋಡ್ದ.

"ಬೀದೀಲಿ ನಡ್ಕಂಡು ಬರೋವಾಗ್ಲೇ ಭುಜ ಕಂಡಿತ್ತಣ್ಣ. ಮೈ ಅಳತೆ ಕೊಡಿ ಅಂತ ಕೇಳಾಕೆ ಬಾಯಿ ಬರ್ಲಿಲ್ಲ. ಕೇಳಿದ್ರೆ ಅವ್ರು ಮತ್ತೆ ಬತ್ತಿದ್ರಾ?" ಅಂದ. ಆಮೇಲೆ ಕೋಟಿನ ಮೇಲೆ ಬೆರಳಾಡಿಸ್ತಾ, "ಇದು ಬರೀ ತಗ್ಗಲ್ಲ ಅಣ್ಣ. ಮುಂದಕ್ಕೂ ಬಂದದೆ. ನೋಡು, ಈ ಪಿನ್ನುಗಳು ಎದೆ ಕಡೆ ವಾಲವೆ."

ವಾಲಿದ್ವು. ಅದಕ್ಕೇ ಕೈ ಚಾಚಿದಾಗ ನನ್ನ ಪ್ಯಾಡು ಹಿಂದೇನೇ ಉಳ್ಕಳೋದು. ನಾನು ಕೋಟಿನವನು, ನಾನೇ ನೋಡ್ಬೇಕಾಗಿತ್ತು. ಅವನು ನೋಡ್ದ. ಅವನಿಗೆ ಆಗಿನ್ನೂ ತಲೇಲಿ ಒಂದು ಬಿಳಿಕೂದ್ಲು ಕೂಡ ಇರ್ಲಿಲ್ಲ.

ಅಲ್ಲಿಂದ ಜಗಳ ಶುರುವಾಯ್ತು. ಅವನಂದ, "ಭುಜ ಎಂಗದೋ ಅಂಗೇ ಕತ್ತರ್ಸೋಣ ಅಣ್ಣ. ಮೈಗೆ ಹಿತವಾಗಿ ಕೂತ್ಕತದೆ."

"ಕೂತ್ಕತದೆ, ತಗ್ಗು ತಗ್ಗಾಗೇ ಕಾಣ್ತದೆ. ಗೌನೂ ಜಾರ್ತದೆ. ತುಂಬ್ಬೇಕು ಕಣ್ಲಾ."

"ತುಂಬಿದ್ರೆ ನಿನ್ನ ಪೈಲ್ವಾನ್ ರವ್ಕೆ ಆಯ್ತದೆ."

"ಪೈಲ್ವಾನ್ ಅಂತ ನಿಂಗ್ಯಾರ್ಲಾ ಹೇಳಿದ್ದು?"

"ಯಾರೂ ಹೇಳಿಲ್ಲ, ಎದುರಿಗೇ ಮಡಗಿದ್ದೀಯಲ್ಲಣ್ಣ."

ಹಿಂಗೇ ಆಡ್ತಾ ಆಡ್ತಾ ಒಂದು ವಿಚಾರ ನಂಗೆ ಗೊತ್ತಾಯ್ತು. ಅವನು ಹೇಳಿದಂಗೆ ಮಾಡಿದ್ರೆ ರವ್ಕೆ ಪೂರ್ತಿ ಅವನದಾಯ್ತದೆ. ನಾನು ಹೇಳಿದಂಗೆ ಮಾಡಿದ್ರೆ ನಾದ್ನಿ ತೊಡಲ್ಲ. ಅವನಿಗೆ ಪೂರ್ತಿ ಬುಟ್ಕೊಡೋ ಮನಸ್ಸು ನನಗಿಲ್ಲ. ಅದಕ್ಕೇ, ಅಣ್ತಮ್ಮಂದಿರು ಹೊಲ ಪಾಲು ಹಾಕ್ಕಂಡಂಗೆ, ಸೀಮೆಸುಣ್ಣ ತಗಂಡು ಆ ತಗ್ಗಿನ ನಟ್ಟನಡುವೆ ಒಂದು ಗೆರೆ ಎಳ್ದೆ.

"ನೀನು ಅರ್ಧ ಕತ್ತರ್ಸು. ನಾನು ಅರ್ಧ ತುಂಬ್ತೀನಿ. ಈ ಗೆರೆ ದಾಟಿ ಒಬ್ರೂ ಬರಂಗಿಲ್ಲ."

ಅವನು ಗೆರೆ ನೋಡ್ದ, ನನ್ನ ನೋಡ್ದ, ಕತ್ರಿ ತಗಂಡ.

ತಾನು ಹೊಲ್ದಿದ್ದ ರವ್ಕೇನೇ ಬಿಚ್ದ. ಎಡಭುಜದ ಸೇರಿಕೆ ಬಿಚ್ಚಿ, ತಗ್ಗಲ್ಲಿ ಅರ್ಧದಷ್ಟು ಬಟ್ಟೆ ಒಳಗೆ ತಗಂಡ. ಭುಜದ ಹೊಲಿಗೆ ಸಾಲನ್ನ ಮುಂದಕ್ಕೆ ಸರಿಸ್ಬೇಕಿತ್ತು. ಅದಕ್ಕೆ ಬೆನ್ನಿನ ಕಡೆ ಬಟ್ಟೆ ಬೇಕು. ಮೊದ್ಲೇ ಹೊಲಿಗೆ ಒಳಗಡೆ ಬಟ್ಟೆ ಧಾರಾಳವಾಗಿ ಬುಟ್ಟಿದ್ದ. ನಾನಾಗಿದ್ರೆ ಅಷ್ಟು ಬುಡ್ತಿರ್ಲಿಲ್ಲ, ಇದನ್ನ ಅವನಿಗೆ ಹೇಳ್ಲೂ ಇಲ್ಲ. ತೋಳನ್ನ ಬಿಚ್ಚಿ, ಕಂಕುಳ ಸುತ್ತನ್ನ ಮತ್ತೆ ಕೊರ್ದು, ತೋಳಿನ ತಲೇನ, ಅಂದ್ರೆ ಭುಜಕ್ಕೆ ಕೂಡೋ ತುದೀನ, ಮುಂದಕ್ಕೆ ತಿರುಗ್ಸಿ ಕೂರಿಸ್ದ. ಕೈ ಚಾಚಿದ್ರೆ ತೋಳು ಜತೇಲೇ ಬರೋ ಅಂಗೆ. ನಾನು ಅತ್ಲಾಗೆ ಕೂತು ಪ್ಯಾಡು ಮಾಡ್ದೆ. ಕ್ಯಾನ್ವಾಸಿಲ್ಲ, ಹತ್ತಿ ಉಂಡೆ ಇಲ್ಲ. ರವ್ಕೇದೇ ಚೂರು ಬಟ್ಟೆಗಳನ್ನ ಅಡ್ಡ ಎಳೇಲಿ ಕತ್ತರ್ಸಿ, ಒಂದಕ್ಕಿಂತ ಒಂದು ಚಿಕ್ಕದಾಗಿ ಮೆಟ್ಲು ಮೆಟ್ಲಾಗಿ ಜೋಡ್ಸಿ, ಅಂಚು ಯಾವ ಕಡೇನೂ ತಿಳೀದಂಗೆ ಕೈಯಲ್ಲೇ ಹೊಲ್ದೆ. ಭುಜದ ಸಾಲಿಗೆ ಒಂದು ಕಡೆ ಮಾತ್ರ ಕಚ್ಚಿಸ್ದೆ, ಇನ್ನೊಂದು ಕಡೆ ಮೈ ಜತೆ ಅಲ್ಲಾಡ್ಲಿ ಅಂತ. ಗೌನಿನ ಪಿನ್ನನ್ನ ಒಳಗಿಂದ ಈ ಪ್ಯಾಡಿಗೇ ಚುಚ್ಬೇಕು, ಆಗ ಭಾರ ಒಂಟಿ ಬಟ್ಟೆ ಮೇಲೆ ಬೀಳಲ್ಲ, ಪಿನ್ನೂ ಕಾಣಲ್ಲ. ಇದು ನಂದೇ ಯೋಚ್ನೆ. ಅವನು "ಭೇಷ್ ಅಣ್ಣ" ಅಂದ. ನಂಗೆ ಅವನ ಭೇಷ್ ಬೇಕಿರ್ಲಿಲ್ಲ. ಆದ್ರೂ ಇನ್ನೊಂದ್ಸಲ ಅಂತಾನೇನೋ ಅಂತ ಕಾದೆ.

ಬಸ್ ಹೊತ್ತಿಗೆ ಮುಂಚೆ ಮನೆಗೆ ತಂದೆ. ನಾದ್ನಿ ಬ್ಯಾಗು ಹೆಗಲಿಗೆ ಆಕ್ಕಂಡು ನಿಂತಿದ್ಲು.

"ಒಂದೇ ಒಂದ್ಸಲ ಕಣವ್ವ. ಆಮೇಲೆ ಯಾವ ಕಾಗ್ದ ಬೇಕಾದ್ರೂ ಬರ್ಕ."

ಒಳಕ್ಕೋದ್ಲು. 'ಇಂಗೆ ನಡಿಯೇ, ಕೈ ಚಾಚೇ, ಬಗ್ಗೇ' ಅಂತ ನಮ್ಮನೆಯವಳ ದನಿ ಕೇಳ್ತಿತ್ತು. ಗೌನು ಆಕ್ಕಂಡು ಈಚೆಗೆ ಬಂದ್ಲು. ಹಜಾರ ದಾಟಿದ್ಲು, ಹಿತ್ಲ ಮೆಟ್ಲಿಳಿದ್ಲು, ಹತ್ತಿದ್ಲು. ಎಲ್ಡೂ ಕೈ ಮುಂದಕ್ಕೆ ಚಾಚಿದ್ಲು. ಗೌನು ಇದ್ದಲ್ಲೇ ಇತ್ತು. ಎಡಭುಜ ಬಲಭುಜಕ್ಕಿಂತ ಒಂದು ಕೂದ್ಲೆಳೆ ತಗ್ಗಿತ್ತು, ಹುಡುಕಿದವನಿಗೆ ಮಾತ್ರ ಕಾಣೋವಷ್ಟು. ಆ ಕೂದ್ಲೆಳೆ ಇದ್ದದ್ದಕ್ಕೇ ಅದು ಅವಳ ಭುಜವಾಗಿ ಉಳ್ಕಂಡಿತ್ತು.

ಅವಳು ಬೀರು ಕನ್ನಡಿ ಮುಂದೆ ನಿಂತ್ಲು. ಎಷ್ಟೊತ್ತು ನಿಂತ್ಲು ಅಂದ್ರೆ ಬಸ್ ಓಗ್ಬುಡ್ತು.

"ಅವತ್ತು ಮೈಸೂರಿಗೆ ಎಷ್ಟೊತ್ತಿನ ಬಸ್ಸಿಗೆ ಓಗೋದು ಭಾವ?" ಅಂತ ಕನ್ನಡಿ ಒಳಗಿಂದ್ಲೇ ಕೇಳಿದ್ಲು.

ಮೈಸೂರಿಗೆ ನಾನು, ನಮ್ಮನೆಯವಳು, ಅವಳು ಮೂರೂ ಜನ ಹೊಂಟ್ವಿ. ಅವಳ ಗಂಡ ಹಾಲು ಕರೆಯೋರಿಲ್ಲ ಅಂತ ಉಳ್ಕಂಡ. ನಮ್ಮನ್ನ ಹಿಂದ್ಗಡೆ ಕೂರಿಸಿದ್ರು. ಹೆಸ್ರು ಕರೆಯೋದು ನಡೀತಿತ್ತು. ಹೆಣ್ಮಕ್ಳು ಸಾಲಾಗಿ ನಿಂತಿದ್ರು. ರೇಷ್ಮೆ ಉಟ್ಟೋರೆಲ್ಲ ಒಂದು ಕೈಯಲ್ಲಿ ಗೌನು ಎಳ್ಕತಾ, ಇನ್ನೊಂದು ಕೈಯಲ್ಲಿ ಬೆವರು ಒರೆಸ್ಕತಾ ಇದ್ರು. ನಮ್ಮವಳು ಕೈ ಬುಟ್ಕಂಡು ನಿಂತಿದ್ಲು. ಸ್ಟೇಜ್ ಹತ್ತಿದ್ಲು. ಎಲ್ಡೂ ಕೈ ಚಾಚಿ ಇಸ್ಕಂಡ್ಲು, ನಮಸ್ಕಾರ ಮಾಡಿದ್ಲು. ಫೋಟೋದವನು ನಿಲ್ಲಿ ಅಂದ. ನಿಂತ್ಲು, ಮುಖ ಎತ್ಕಂಡು.

ನಮ್ಮನೆಯವಳು ಕಣ್ಣಿಗೆ ಸೆರಗು ಒತ್ಕಂಡು ನನ್ನ ಮೊಣಕೈ ತಿವಿದ್ಲು. "ಆ ಹುಡುಗ ಎಷ್ಟು ಚೆನ್ನಾಗಿ ಹೊಲ್ದವ್ನೆ ಅಲ್ವೇನ್ರೀ?"

"ಅರ್ಧ" ಅಂದೆ. ಅವಳಿಗೆ ಕೇಳಿಸ್ಲಿಲ್ಲ.

ಸಾಯಂಕಾಲ ಪಾಂಡವಪುರದಲ್ಲಿ ಇಳಿದ ತಕ್ಷಣ ನಾದ್ನಿ ಅದೇ ಸೀರೇಲಿ ನೆಟ್ಟಗೆ ಎದುರಂಗಡಿಗೋದ್ಲು. ನಾನು ಬ್ಯಾಗಿಡ್ಕಂಡು ಬಾಗ್ಲಲ್ಲಿ ನಿಂತೆ. ಅವನು ಪದವಿ ಪತ್ರ ಕಣ್ಣಿಗೊತ್ಕಂಡು ವಾಪಸ್ ಕೊಟ್ಟ. "ಅರ್ಧ ಅಣ್ಣಂದು ಮೇಡಂ. ಅವ್ರು ಗೆರೆ ಎಳೀದಿದ್ರೆ ನಾನು ತಗ್ಗಾಗೇ ಹೊಲ್ದು ಕೊಡ್ತಿದ್ದೆ" ಅಂದ. ಆ ಮಾತು ಅವನು ಆಡ್ಬಾರ್ದಾಗಿತ್ತು. ಅರ್ಧ ನಂದು ಅಂತ ಊರೆಲ್ಲ ಸಾರ್ಕಂಡು ಬರಾಕೆ ನಾನು ಬಸ್ಸಲ್ಲೇ ಮಾತು ಜೋಡಿಸ್ಕಂಡಿದ್ದೆ. ಅವನೇ ಹೇಳ್ಬುಟ್ಟ ಮೇಲೆ ನಾನೇನು ಹೇಳ್ಲಿ.

ಫೋಟೋ ಬಂದಾಗ ನಾದ್ನಿ ದೊಡ್ಡದೇ ಒಂದು ಪ್ರತಿ ಮಾಡಿಸ್ಕಂಡು ಬಂದ್ಲು. ಎದುರಂಗಡಿಯವನು, ತಪ್ಪು ತಿಳೀಬ್ಯಾಡಿ ಮೇಡಂ, ನಮ್ಮ ಅಂಗಡೀಲಿ ಹಾಕ್ಕಬೋದಾ ಅಂತ ಕೇಳ್ದ. ನಾನಾಗ ಅಲ್ಲೇ ಇದ್ದೆ. ಇವಳು ಒಪ್ಪಲ್ಲ ಅಂತ ನಂಗೆ ಗ್ಯಾರಂಟಿ ಇತ್ತು.

"ಹಾಕ್ಕಳಿ" ಅಂದ್ಲು. "ಬೀದಿ ಕಡೆ ಮುಖ ಮಾಡಿ ಹಾಕಿ."

ನನ್ನ ಅಂಗಡಿಗೆ ಒಂದು ಬ್ಯಾಡ್ವಾ ಅಂತ ಕೇಳಿದ್ದಕ್ಕೆ, "ನಿಮ್ದು ಗಂಡಸ್ರ ಅಂಗಡಿ ಅಲ್ವಾ ಭಾವ, ಅಲ್ಲಿ ನಂಗೇನು ಕೆಲ್ಸ" ಅಂದ್ಲು. ಅವನು ಚೌಕಟ್ಟು ಹಾಕಿಸಿ ಗಾಜಿನ ಒಳಗಡೆ ನೇತಾಕ್ದ. ಬಸ್ಸಿಳಿಯೋ ಹೆಂಗಸ್ರೆಲ್ಲ ನಿಂತು ನೋಡೋರು, ನೋಡಿ ಒಳಕ್ಕೋಗೋರು. ನನ್ನ ಹೊಟ್ಟೆ ಎಷ್ಟು ಉರೀತು ಅಂತ ಹೇಳಾಕೋಗಲ್ಲ.

ಆಮೇಲೊಂದಿನ ಮಿಷನ್ ತುಳೀತಾ ತಲೆ ಎತ್ತಿದೆ. ಫೋಟೋದ ಮುಖ ಇರೋದು ಬೀದಿ ಕಡೆ, ಬೀದಿ ಆಚೆ ಇರೋದು ನಾನು. ಒಳಗೆ ಕೂತ ಅವನಿಗೆ ದಿನವಿಡೀ ಕಾಣೋದು ಚೌಕಟ್ಟಿನ ಹಿಂದ್ಲ ರಟ್ಟು. ನನಗೆ, ನನ್ನ ಸ್ಟೂಲ್ ಮೇಲಿಂದ ಏಳದೇನೇ, ನಮ್ಮ ನಾದ್ನಿ ಪೂರ್ತಿ ಕಾಣ್ತಾಳೆ. ಮುಂದೆ ಯಾರೂ ಅಡ್ಡ ಇಲ್ಲ, ಎಲ್ಡು ಭುಜಾನೂ ಕಾಣ್ತವೆ. ಇದಿನ್ನೂ ಅವನ ತಲೆಗೆ ಹೋಗಿಲ್ಲ. ನಾನೂ ಹೇಳಿಲ್ಲ.